ಟೇಬಲ್ ಮಾಡಿದ ಠರಾವು

ಹಾರ್ಬೋರ್ನ್, ಬರ್ಮಿಂಗ್‌ಹ್ಯಾಮ್
19 ಜನವರಿ 2015

ಮೇಯರ್ ಡಾ. ನಾರಾಯಣಸ್ವಾಮಿ ಅವರಿಗೆ,

ನಿಮ್ಮೂರಿನ ಸಾರ್ವಜನಿಕ ಈಜುಕೊಳವಾದ ಬಾತ್ಸ್ ಉಳಿಸುವ ಠರಾವನ್ನು ನೀವು ಟೇಬಲ್ ಮಾಡಿದಿರಿ. ಇದು ದ್ರೋಹ. ಕುಶಲ ಕೇಳುವ ಮೊದಲೇ ಇದನ್ನು ಬರೆಯುತ್ತಿದ್ದೇನೆ. ಕುಶಲ ಕೇಳಿದ ಮೇಲೆ ಬರೆಯಲು ಸಂಕೋಚವಾಗುತ್ತದೆ.

ನಿಮ್ಮ ಹೆದರ್‌ಕ್ಲಫ್ ಊರಿನ ಪತ್ರಿಕೆಯನ್ನು ನಾನು ಕೆಲಸ ಮಾಡುವ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಕೂತು ಫೋನಿನಲ್ಲಿ ನೋಡಿದೆ. ‘ಬಾತ್ಸ್ ಠರಾವು ಟೇಬಲ್ ಮಾಡಿದ ಮೇಯರ್’ ಎಂಬುದು ತಲೆಬರಹ. ಅದರ ಕೆಳಗಿನದನ್ನು ಓದುವ ಅಗತ್ಯ ಕಾಣಲಿಲ್ಲ. ಅಂಥ ಸುದ್ದಿಗಳ ಕೆಳಗೆ ಏನಿರುತ್ತದೆಂದು ನನಗೆ ಗೊತ್ತು: ಸ್ವಲ್ಪ ವಿಷಾದ, ಸ್ವಲ್ಪ ಅನಿವಾರ್ಯತೆ, ಹುದ್ದೆಯ ಚಿನ್ನದ ಸರ ಹಾಕಿಕೊಂಡ ಮೇಯರ್ ನಗುತ್ತಿರುವ ಒಂದು ಫೋಟೋ.

ನನ್ನ ಅಕ್ಕ ದಾಕ್ಷಾಯಣಿ ನೀವು ನಿವೃತ್ತರಾಗುವವರೆಗೂ ನಿಮ್ಮ ಪೇಷಂಟ್ ಆಗಿದ್ದವಳು. ಅವಳ ಕೀಲುಗಳ ಸ್ಥಿತಿ ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಬಾತ್ಸಿನ ಆ ಚಿಕ್ಕ ಬಿಸಿನೀರಿನ ಕೊಳಕ್ಕೆ ಇಳಿದು ಕೈಕಾಲು ಆಡಿಸುವುದರಿಂದಲೇ ಅವಳು ಮ್ಯಾಕಲ್ಸ್‌ಫೀಲ್ಡಿನ ಔಷಧ ಕಾರ್ಖಾನೆಯಲ್ಲಿ ನಿಂತು ಕೆಲಸ ಮಾಡಬಲ್ಲಳು. ಮಾರ್ಚ್ ಕೊನೆಗೆ ಬಾಗಿಲು ಮುಚ್ಚಿದರೆ ಬೇಸಿಗೆಯೊಳಗೆ ಅವಳಿಗೆ ನಿಲ್ಲಲಾಗುವುದಿಲ್ಲ. ನಿಲ್ಲಲಾಗದವಳನ್ನು ಕಾರ್ಖಾನೆ ಇಟ್ಟುಕೊಳ್ಳುವುದಿಲ್ಲ. ‘ಮಾತ್ರೆಗಿಂತ ನೀರು ಮೇಲು, ಇಳಿಯಮ್ಮಾ’ ಎಂದು ಅವಳಿಗೆ ಹೇಳಿದವರು ನೀವು.

ಈ ದೇಶಕ್ಕೆ ಬಂದ ಹೊಸತರಲ್ಲಿ ಅಕ್ಕನ ಜೊತೆ ನಿಮ್ಮ ಊರಿನಲ್ಲೇ ಇದ್ದೆ, ನಿಮ್ಮ ಮನೆಯಲ್ಲಿ ಯುಗಾದಿಗೆ ಉಂಡೆ. ಉಂಡ ಮನೆ ಅಂತ ಸುಮ್ಮನಿರಬೇಕೆಂದು ಅಕ್ಕ ಹೇಳುತ್ತಾಳೆ. ನನಗೆ ಅದು ತಿರುಗುಮುರುಗಾಗಿ ಕಾಣುತ್ತದೆ, ಉಂಡವಳೇ ಹೇಳಬೇಕು.

ನಾನೀಗ ಒಬ್ಬ ಮೇಯರನ ಬದುಕಿನ ಬಗ್ಗೆ ಕನ್ನಡದಲ್ಲಿ ಕಿರುಹೊತ್ತಗೆ ಬರೆಯುತ್ತಿದ್ದೇನೆ. ಓಟಿಸ್ ಬ್ರೆನ್ನೆಮನ್, ಅಮೆರಿಕದ ಓಹಾಯೋ ರಾಜ್ಯದ ವೆಸ್ಟ್ ಕಾರ್ವರ್ ಎಂಬ ಸಣ್ಣ ಊರಿನವನು. ಎರಕದ ಕಾರ್ಖಾನೆಯಲ್ಲಿ ಎರಡು ಬೆರಳು ಕಳೆದುಕೊಂಡ ಕೆಲಸಗಾರ. 1911ರಲ್ಲಿ ಕೆಲಸಗಾರರ ಮತದಿಂದ ಮೇಯರ್ ಆದ. ಮೇಯರಿಗೆಂದು ಇದ್ದ ಕುದುರೆಗಾಡಿಯನ್ನು ಮೊದಲ ದಿನವೇ ಸೂಲಗಿತ್ತಿಗೆ ಕೊಟ್ಟ. ಅವನ ಕಾಲದ ಕರಪತ್ರಗಳು ಇಲ್ಲಿನ, ಹಳೆ ಸಾಮಾನು ಮಾರುವ ಚಾರಿಟಿ ಅಂಗಡಿಯೊಂದರಲ್ಲಿ ಒಂದು ಪೆಟ್ಟಿಗೆ ತುಂಬ ಸಿಕ್ಕವು. ಊರಾಡಳಿತ ಎಂದರೇನೆಂದು ನಾನು ಕಲಿತದ್ದು ಅವುಗಳಿಂದ. ಅವನ ಪಕ್ಕದಲ್ಲಿ ನಿಮ್ಮನ್ನು ನಿಲ್ಲಿಸಿ ನೋಡಿದೆ. ನೋಡಬಾರದಿತ್ತು.

ಉತ್ತರ ಕಾಗದದಲ್ಲೇ ಇರಲಿ. ಇಮೇಲನ್ನು ಅಳಿಸಬಹುದು.

ಮಾಳವಿಕಾ


ಹೆದರ್‌ಕ್ಲಫ್
27 ಜನವರಿ 2015

ಚಿ. ಮಾಳವಿಕಾಗೆ ಆಶೀರ್ವಾದ.

ನಿನ್ನ ಪತ್ರ ಟೌನ್ ಹಾಲಿಗೆ ಬಂತು. ಅಲ್ಲಿ ಮೇಯರಿನ ಟಪಾಲನ್ನು ಕ್ಲಾರ್ಕ್, ಎಂದರೆ ಕೌನ್ಸಿಲಿನ ಕಾರ್ಯದರ್ಶಿ, ಒಡೆಯುತ್ತಾರೆ. ಆಕೆ ಕನ್ನಡದ ಅಕ್ಷರಗಳನ್ನು ಬಹಳ ಹೊತ್ತು ನೋಡಿ, ಇದು ಬೆದರಿಕೆ ಪತ್ರವೇ ಡಾಕ್ಟರ್ ಎಂದು ಕೇಳಿದರು. ಅಭಿನಂದನೆ ಎಂದೆ. ಇನ್ನು ಮುಂದೆ ಮನೆಗೇ ಬರೆ. ಕನ್ನಡದಲ್ಲೇ ಬರೆ. ಬರೆದದ್ದನ್ನು ಯಾರಿಗೂ ಹೇಳಬೇಡ.

ಹೌದಮ್ಮಾ, ಟೇಬಲ್ ಮಾಡಿದೆ. ನನ್ನ ಹೆಸರಿನಲ್ಲೇ ಮಾಡಿದೆ, ಅದರಲ್ಲಿ ನಾಚಿಕೆಯೇನೂ ಇಲ್ಲ. ಈಗ ಮಾಡಬೇಡಿ, ಸೋತು ಕೊಳವನ್ನೇ ಕಳೆಯುತ್ತೀರಿ ಎಂದು ಕೌನ್ಸಿಲಿನಲ್ಲಿ ಕೆಲವರು ಹೇಳಿದ್ದರು. ಅವರ ಮಾತೇ ನಿನ್ನ ಪತ್ರದಲ್ಲಿ ಕೇಳಿಸಿತು. ಆದ್ದರಿಂದ ಕೇಳುತ್ತೇನೆ, ಕೋಪಿಸಿಕೊಳ್ಳಬೇಡ: ನಿನ್ನ ಹತ್ತಿರ ಯಾರು ಮಾತಾಡಿದರು? ಬರ್ಮಿಂಗ್‌ಹ್ಯಾಮಿನಲ್ಲಿ ಕೂತ ಹುಡುಗಿಗೆ ನಮ್ಮೂರಿನ ಕೊಳದ ಜಾಗದ ಮೇಲೆ ಇಷ್ಟು ಬೇಗ ಇಷ್ಟು ಸಿಟ್ಟು ಬಂದದ್ದು ಹೇಗೆ? ಆ ಜಾಗದಲ್ಲಿ ಫ್ಲಾಟ್ ಕಟ್ಟಬೇಕೆನ್ನುವವರಿದ್ದಾರೆ. ಅವರಿಗೆ ನಿನ್ನಂಥ ಓದಿದ ಮಕ್ಕಳು ಬಹಳ ಉಪಯೋಗ.

ಎಲ್ಲವನ್ನೂ ಬರೆಯಲಾರೆ. ಇಲ್ಲಿನ ಮೇಯರ್ ಎಂದರೆ ನಮ್ಮ ಕಡೆಯವರು ಅಂದುಕೊಳ್ಳುವಂಥದ್ದಲ್ಲ. ಕಾರ್ ಇಲ್ಲ, ಅಧಿಕಾರ ಇಲ್ಲ. ಸರ ಹಾಕಿಕೊಂಡು ಕೇಕ್ ಸ್ಪರ್ಧೆಯ ತೀರ್ಪು ಕೊಡಬೇಕು; ಕೌನ್ಸಿಲ್ ಸಭೆಯಲ್ಲಿ ಎಲ್ಲರೂ ಬೈದಾಡುವಾಗ ನಡುವೆ ಕೂರಬೇಕು. ಹಾಗೆ ಕೂತೇ ಆಗುವ ಕೆಲಸಗಳೂ ಕೆಲವಿವೆ.

ನಿನ್ನ ಬ್ರೆನ್ನೆಮನ್ ಕುತೂಹಲ ಹುಟ್ಟಿಸಿದ. 1911ರಲ್ಲಿ ಗೆದ್ದ ಎಂದೆ. ಮುಂದಿನ ಚುನಾವಣೆಯಲ್ಲಿ ಏನಾಯಿತು?

ನಾರಾಯಣಸ್ವಾಮಿ


ಹಾರ್ಬೋರ್ನ್
2 ಫೆಬ್ರವರಿ 2015

ಡಾ. ನಾರಾಯಣಸ್ವಾಮಿ ಅವರಿಗೆ,

ನನ್ನ ಹತ್ತಿರ ಯಾರೂ ಮಾತಾಡಿಲ್ಲ. ಹೆಣ್ಣುಮಗಳೊಬ್ಬಳಿಗೆ ಸ್ವಂತ ಸಿಟ್ಟು ಇರಬಹುದೆಂದು ಯಾಕೆ ಯಾರಿಗೂ ಹೊಳೆಯುವುದಿಲ್ಲ?

ಮನೆಗೆ ಬರೆ, ಕನ್ನಡದಲ್ಲೇ ಬರೆ, ಯಾರಿಗೂ ಹೇಳಬೇಡ. ನಿಮ್ಮ ಪತ್ರದಲ್ಲಿ ನಾನು ನಂಬಿದ್ದು ಇದೊಂದನ್ನೇ, ಯಾಕೆಂದರೆ ಮುಚ್ಚಿಡಲು ಏನೋ ಇದೆಯೆಂದು ಇದು ಒಪ್ಪಿಕೊಳ್ಳುತ್ತದೆ. ಟೇಬಲ್ ಮಾಡಿದ್ದಕ್ಕೆ ನಾಚಿಕೆ ಇಲ್ಲವೆಂದು ನಿಮ್ಮ ಕೈಯಾರೆ ಬರೆದಿರಿ. ಆ ಸಾಲನ್ನು ಓದಿ ಕಾಗದವನ್ನು ಮಡಿಸಿಟ್ಟೆ, ಮತ್ತೆ ತೆಗೆದು ಓದಿದೆ. ಹಾಗೇ ಇತ್ತು.

ಕೆಲಸ ಹೇಗೆ ಆಗುತ್ತದೆಂದು ನಿಮಗೆ ಬ್ರೆನ್ನೆಮನ್ ಹೇಳಲಿ. ವೆಸ್ಟ್ ಕಾರ್ವರಿನಲ್ಲಿ ಬೇಸಿಗೆಗೆ ಹಾಲು ಒಡೆಯುತ್ತಿತ್ತು, ಒಡೆದ ಹಾಲು ಕುಡಿದು ಕೂಸುಗಳು ಸಾಯುತ್ತಿದ್ದವು. ಐಸ್ ಮಾರುವ ಕಂಪನಿ ಒಂದೇ ಇತ್ತು, ಕೆಲಸಗಾರರ ಕೇರಿಗೆ ಅದರ ಗಾಡಿ ಬರುತ್ತಿರಲಿಲ್ಲ. ಊರೇ ಐಸ್ ಮಾಡಲಿ ಎಂದು ಬ್ರೆನ್ನೆಮನ್ ಠರಾವು ತಂದ. ಕಂಪನಿಯ ಹಣ ತಿಂದಿದ್ದ ಕೌನ್ಸಿಲ್ ಅದನ್ನು ಮೂರು ಸಲ ಟೇಬಲ್ ಮಾಡಿತು. ಮೂರನೆಯ ಸಲ ಅವನು ಕುರ್ಚಿಯಿಂದ ಎದ್ದು ಹೋದ. ಚಳಿಗಾಲದಲ್ಲಿ ಊರಿನ ಕೆರೆ ಹೆಪ್ಪುಗಟ್ಟಿದಾಗ ಕೆಲಸವಿಲ್ಲದ ಗಂಡಸರನ್ನು ಕರೆದುಕೊಂಡು ಹೋಗಿ, ತಾನೇ ಗರಗಸ ಹಿಡಿದು ಮಂಜುಗಡ್ಡೆ ಕೊಯ್ದ. ಮರದ ಹೊಟ್ಟಿನಲ್ಲಿ ಹೂತಿಟ್ಟು, ಬೇಸಿಗೆಯಲ್ಲಿ ಟೌನ್ ಹಾಲಿನ ಅಂಗಳದಿಂದ ತಾಯಂದಿರಿಗೆ ಹಂಚಿದ. ನನ್ನ ಹೊತ್ತಗೆ ಅಲ್ಲಿಗೆ ಮುಗಿಯುತ್ತದೆ. ಬಕೆಟ್ಟು ಹಿಡಿದ ಹೆಂಗಸರ ಸಾಲು, ಮೂರೇ ಬೆರಳಿನ ಕೈಯಿಂದ ಮಂಜು ಎತ್ತಿ ಕೊಡುವ ಮೇಯರ್.

ಇನ್ನು ನಿಮ್ಮ ವಿಷಯ. ನೀವು ಹೂವಿನಂಗಡಿ ನಡೆಸುವ ಕೌನ್ಸಿಲರ್ ಹೇಗ್ ಜೊತೆ ಟೀ ರೂಮಿನ ಹಿಂದಿನ ಮೇಜಿನಲ್ಲಿ ಕೂತದ್ದನ್ನು ಅಕ್ಕ ಒಂದಲ್ಲ, ಎರಡು ಸಲ ನೋಡಿದ್ದಾಳೆ. ಅವಳು ಅದನ್ನು ಸುಮ್ಮನೆ ಫೋನಿನಲ್ಲಿ ಹೇಳಿದಳು. ನಾನು ಸುಮ್ಮನೆ ಕೇಳಲಿಲ್ಲ. ಬಾತ್ಸ್ ಮಾರಿಬಿಡಿ ಎಂದು ಮೊದಲಿನಿಂದ ಹೇಳುತ್ತಿರುವವರೇ ಆ ಹೇಗ್ ಅಲ್ಲವೆ? ಆಕೆಗೆ ನೀವೇನು ಕೊಟ್ಟಿರಿ? ಆಕೆ ನಿಮಗೇನು ಕೊಟ್ಟರು?

ಮಾಳವಿಕಾ


ಹೆದರ್‌ಕ್ಲಫ್
7 ಫೆಬ್ರವರಿ 2015
(ಪೋಸ್ಟ್‌ಕಾರ್ಡ್)

ಮಾಳವಿಕಾ, ಹೇಗ್ ಹೆಸರನ್ನು ಎಲ್ಲೂ ಎತ್ತಬೇಡ. ದಾಕ್ಷಾಯಣಿಗೂ ಹೇಳು. ಮಾರ್ಚ್ 17ರ ಸಭೆಯವರೆಗೆ ತಾಳು. ಒಬ್ಬ ವೈದ್ಯನಾಗಿ ಕೇಳುತ್ತಿದ್ದೇನೆ ಅಂದುಕೋ, ಹೊಲಿಗೆ ಹಾಕಿದ ಗಾಯವನ್ನು ಬಿಚ್ಚಿ ನೋಡಬಾರದು.

ಬ್ರೆನ್ನೆಮನ್ ಮುಂದೇನಾದ? ನೀನು ಹೇಳಲಿಲ್ಲ.

ನಾ.


ಹಾರ್ಬೋರ್ನ್
23 ಫೆಬ್ರವರಿ 2015

ಡಾ. ನಾರಾಯಣಸ್ವಾಮಿ ಅವರಿಗೆ,

ತಾಳು ಎಂದು ಹೇಳುವವರು ಸಾಮಾನ್ಯವಾಗಿ ಕುರ್ಚಿಯಲ್ಲಿ ಕೂತಿರುತ್ತಾರೆ. ನಾನು ತಾಳಲಿಲ್ಲ.

ಇದರ ಜೊತೆ ಒಂದು ಕರಪತ್ರ ಇಟ್ಟಿದ್ದೇನೆ. ನಾನೇ ಇಂಗ್ಲಿಷಿನಲ್ಲಿ ಬರೆದು, ಇಲ್ಲಿ ಅಚ್ಚು ಹಾಕಿಸಿ, ಮೊನ್ನೆ ಶನಿವಾರ ನಿಮ್ಮೂರಿಗೆ ಬಂದು ಮಾರ್ಕೆಟ್ ಚೌಕದ ಸುತ್ತಲಿನ ಮನೆಗಳ ಬಾಗಿಲಿಗೆ ಹಾಕಿದೆ. ಅಕ್ಕ ಶಿಫ್ಟಿನಲ್ಲಿದ್ದಳು, ಅವಳಿಗೆ ಹೇಳಿರಲಿಲ್ಲ. ‘ನಿಮ್ಮ ಮೇಯರ್ ನಿಮ್ಮ ಬಾತ್ಸನ್ನು ಹೂತುಹಾಕಿದ್ದಾರೆ. ಕೌನ್ಸಿಲರ್ ಹೇಗ್ ಜೊತೆ ಚಹಾ ಕುಡಿಯುತ್ತಾ ಏನು ಮಾರಿದರೆಂದು ಕೇಳಿ.’ ಕೆಳಗೆ ನನ್ನ ಪೂರ್ತಿ ಹೆಸರು ಹಾಕಿದ್ದೇನೆ. ಬೆನ್ನ ಹಿಂದೆ ಮಾತಾಡುವವಳು ನಾನಲ್ಲ.

ಬಸ್ ನಿಲ್ದಾಣದಲ್ಲಿ ಟೋಪಿ ಹಾಕಿದ ಅಜ್ಜನೊಬ್ಬ ಅದನ್ನು ಓದಿ, ನಿನಗೆ ಖಾತ್ರಿ ಇದೆಯಾ ಡಕ್, ನನ್ನ ಹೆಂಡತಿಯ ಎದೆಯ ಕಾಯಿಲೆ ವಾಸಿ ಮಾಡಿದ ಡಾಕ್ಟರ್ ಅವರು ಎಂದ. ಡಕ್ ಅಂದರೆ ನಿಮ್ಮ ಕಡೆ ಪ್ರೀತಿಯ ಕರೆ ಅಂತ ಗೊತ್ತು, ಆದರೂ ಕಿರಿಕಿರಿಯಾಯಿತು. ಖಾತ್ರಿ ಇದೆ ಎಂದೆ. ಅವನು ಕರಪತ್ರವನ್ನು ಮಡಿಸಿ ಕೋಟಿನ ಒಳಜೇಬಿನಲ್ಲಿ ಇಟ್ಟುಕೊಂಡ. ಮತ್ತೆ ಬಸ್ ಬರುವವರೆಗೂ ನನ್ನ ಕಡೆ ನೋಡಲಿಲ್ಲ.

ಮಾಳವಿಕಾ


ಹಾರ್ಬೋರ್ನ್
4 ಮಾರ್ಚ್ 2015

ಡಾಕ್ಟರ್ ಅವರಿಗೆ,

ನಿಮ್ಮಿಂದ ಒಂದು ಸಾಲೂ ಇಲ್ಲ. ಬೈಗುಳವನ್ನಾದರೂ ನಿರೀಕ್ಷಿಸಿದ್ದೆ.

ಅಕ್ಕ ಫೋನ್ ಎತ್ತುತ್ತಿರಲಿಲ್ಲ. ಭಾನುವಾರ ತಾನಾಗಿ ಮಾಡಿದಳು. ‘ಓದಿದ್ದು ಜಾಸ್ತಿ ಆತವಾ ನಿನಗ, ಕೇಳೋದು ಕಡಿಮಿ ಆತು. ಡಾಕ್ಟ್ರು ಉಳಸಾಕ ಹೊಂಟಿದ್ರಂತ ಈಗ ಊರ ಮಂದಿ ಹೇಳ್ತಾರ, ನೀ ಬಂದು ಬುಡಕ್ಕ ಕೊಡ್ಲಿ ಹಾಕಿದಿ’ ಎಂದು ಇಟ್ಟುಬಿಟ್ಟಳು. ಅವಳು ಅಳುತ್ತಿರಲಿಲ್ಲ, ಅದಕ್ಕೇ ಭಯವಾಯಿತು.

ಉಳಿಸಲು ಹೊರಟವರು ಟೇಬಲ್ ಯಾಕೆ ಮಾಡಿದಿರಿ? ಇದಕ್ಕೆ ಉತ್ತರವಿಲ್ಲದೆ ನಾನು ಒಂದು ಹೆಜ್ಜೆಯೂ ಹಿಂದೆ ಇಡಲಾರೆ. ಅಥವಾ ಅಕ್ಕನನ್ನೂ ಮಾತಿನಲ್ಲಿ ಒಲಿಸಿಕೊಂಡಿದ್ದೀರಾ? ಪೇಷಂಟುಗಳು ಡಾಕ್ಟರನ್ನು ನಂಬುವ ಅಭ್ಯಾಸ ಬಿಡುವುದಿಲ್ಲ. ನಾನು ನಿಮ್ಮ ಪೇಷಂಟ್ ಆಗಿರಲಿಲ್ಲ.

ಮಾಳವಿಕಾ


ಹೆದರ್‌ಕ್ಲಫ್
8 ಮಾರ್ಚ್ 2015

ಮಾಳವಿಕಾ,

ಇಷ್ಟು ದಿನ ಬರೆಯದಿದ್ದದ್ದು ಸಿಟ್ಟಿನಿಂದಲ್ಲ, ಅನುಮಾನದಿಂದ. ಫ್ಲಾಟ್ ಕಟ್ಟುವವರ ಕಡೆಯವರು ನಿನ್ನನ್ನು ಹಿಡಿದಿದ್ದಾರೆಂದೇ ನಂಬಿದ್ದೆ. ಕೊಳ ಉಳಿಸಲು ನಿರ್ಣಯ ತಂದವನನ್ನು ಕೊಳ ಹೂತವನೆಂದು ಅಚ್ಚು ಹಾಕಿಸಬೇಕಾದರೆ ಒಂದೋ ಹಣ ಸಿಕ್ಕಿರಬೇಕು, ಇಲ್ಲ ಬುದ್ಧಿ ಕೆಟ್ಟಿರಬೇಕು. ನಿನ್ನ ಬುದ್ಧಿಯ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವಿದ್ದದ್ದರಿಂದ ಮೊದಲನೆಯದನ್ನೇ ನಂಬಿದೆ.

ನಿನ್ನೆ ನಿನ್ನ ಪತ್ರ ಬಂದ ಮೇಲೆ ಹಳೆಯವನ್ನೆಲ್ಲ ಮತ್ತೆ ಓದಿದೆ. ಬ್ರೆನ್ನೆಮನ್ನನ ಐಸ್ ಕಥೆಯಲ್ಲಿ ಎಡವಿದೆ. ಶತ್ರುಗಳು ಅವನ ನಿರ್ಣಯವನ್ನು ಮೂರು ಸಲ ಟೇಬಲ್ ಮಾಡಿದರು, ಅದಕ್ಕೇ ಅವನು ಎದ್ದು ಹೋದ ಎಂದು ಬರೆದಿದ್ದೀಯ. ಮೊದಲು ಓದಿದಾಗ ನೀನು ಏನೋ ತಪ್ಪು ಬರೆದೆ ಅಂದುಕೊಂಡಿದ್ದೆ. ಶತ್ರುಗಳೇ ಮೂರು ಸಲ ಟೇಬಲ್ ಮಾಡಿದರೆ ಅವನಿಗೆ ಸಂತೋಷವಾಗಬೇಕಲ್ಲ? ಆಮೇಲೆ ಎದ್ದು ಹೋಗಿ ಡಿಕ್ಷನರಿ ತೆಗೆದೆ.

ಅಮೆರಿಕದಲ್ಲಿ ಟೇಬಲ್ ಮಾಡುವುದೆಂದರೆ ಎತ್ತಿ ಬದಿಗಿಡುವುದು, ಚರ್ಚೆಯಿಲ್ಲದೆ ಮೂಲೆಗೆ ತಳ್ಳುವುದು. ಈ ದೇಶದಲ್ಲಿ ಟೇಬಲ್ ಮಾಡುವುದೆಂದರೆ ಚರ್ಚೆಗಾಗಿ ಎಲ್ಲರ ಮುಂದೆ ಇಡುವುದು. ಒಂದೇ ಪದ, ಅರ್ಥ ನೇರ ಎದುರು. ಮಂಡಿಸಿದೆ ಎಂಬ ಒಳ್ಳೆಯ ಪದ ನಮ್ಮ ಭಾಷೆಯಲ್ಲಿತ್ತು. ಕನ್ನಡದಲ್ಲೇ ಬರೆಯೋಣ ಎಂದು ಕಟ್ಟಪ್ಪಣೆ ಮಾಡಿದವನು ನಾನು, ಅದನ್ನು ಬರೆಯಲಿಲ್ಲ. ಬರೆದಿದ್ದರೆ ನಿನ್ನ ಎರಡನೆಯ ಪತ್ರವೇ ಹುಟ್ಟುತ್ತಿರಲಿಲ್ಲ. ನೀನೂ ತಲೆಬರಹದ ಕೆಳಗೆ ಕಣ್ಣು ಇಳಿಸಿದ್ದರೆ ಮೊದಲನೆಯದೂ ಹುಟ್ಟುತ್ತಿರಲಿಲ್ಲ.

ಈಗ ಹೇಗ್ ವಿಷಯ. ಮುಚ್ಚಿಟ್ಟಿದ್ದು ನಿಜ, ಆದ್ದರಿಂದ ನಿನ್ನ ಅನುಮಾನ ಪೂರ್ತಿ ತಪ್ಪಲ್ಲ. ನಿರ್ಣಯವನ್ನು ಒಬ್ಬರು ತಂದರೆ ಸಾಲದು, ಇನ್ನೊಬ್ಬರು ಅನುಮೋದಿಸಬೇಕು. ನಮ್ಮ ಪಕ್ಷದ ಗುಂಪಿನವರು ಅನುಮೋದಿಸಿದರೆ ಎದುರು ಗುಂಪಿನವರು ಒಬ್ಬರೂ ಬರುವುದಿಲ್ಲ, ನಿರ್ಣಯ ಸೋಲುತ್ತದೆ. ಆ ಗುಂಪಿನ ಹೇಗ್ ಬಂದರೆ ಅವರ ಹಿಂದೆ ಇನ್ನೂ ಕೆಲವರು ಬರುತ್ತಾರೆ. ಆಕೆ ಕೆಟ್ಟವರಲ್ಲ, ಚಿಕ್ಕಂದಿನಲ್ಲಿ ಆ ಕೊಳದಲ್ಲೇ ಈಜು ಕಲಿತವರು. ಆದರೆ ಮೇ ಚುನಾವಣೆಯಲ್ಲಿ ನನ್ನ ವಾರ್ಡಿಗೆ ಅವರ ಸೋದರಳಿಯ ನಿಲ್ಲಬೇಕು. ನಾನಿದ್ದರೆ ಅವನು ಗೆಲ್ಲುವುದಿಲ್ಲ. ನಾನು ನಿಲ್ಲುವುದಿಲ್ಲ ಎಂದು ಮಾತು ಕೊಟ್ಟೆ. ಅವರು ಅನುಮೋದಿಸುತ್ತೇನೆ ಎಂದು ಮಾತು ಕೊಟ್ಟರು. ಟೀ ರೂಮಿನಲ್ಲಿ ಮಾರಿದ್ದು ಅದನ್ನೇ. ನನ್ನ ಗುಂಪಿನವರಿಗೆ ಇನ್ನೂ ಗೊತ್ತಿಲ್ಲ.

ನಿನ್ನ ಕರಪತ್ರ ಬಂದ ಮೇಲೆ ಹೇಗ್ ನನ್ನನ್ನು ಅಂಗಡಿಗೆ ಕರೆಸಿದರು. ಟುಲಿಪ್ ಕಟ್ಟುತ್ತಲೇ, ತಲೆ ಎತ್ತದೆ ಹೇಳಿದರು: ‘ಡಾಕ್ಟರ್, ನಿಮ್ಮವರೇ ನಿಮ್ಮನ್ನು ಸುಳ್ಳುಗಾರ ಅಂದಮೇಲೆ ನಾನು ನಿಮ್ಮ ಪಕ್ಕದಲ್ಲಿ ಯಾಕೆ ನಿಲ್ಲಲಿ?’ ಹೆಸರು ವಾಪಸ್ ತೆಗೆದುಕೊಂಡಿದ್ದಾರೆ. ನಾನು ವಿವರಿಸಲು ಹೋದಷ್ಟೂ ಅವರಿಗೆ ಅನುಮಾನ ಹೆಚ್ಚಾಗುತ್ತದೆ. ಸೋಮವಾರ 16ರೊಳಗೆ ಅವರ ಸಹಿ ಕ್ಲಾರ್ಕ್ ಕೈಸೇರದಿದ್ದರೆ 17ರ ಸಭೆಯಲ್ಲಿ ನಿರ್ಣಯ ಓದುವುದೂ ಇಲ್ಲ, ತಿಂಗಳ ಕೊನೆಗೆ ಬಾಗಿಲಿಗೆ ಬೀಗ.

ದಾಕ್ಷಾಯಣಿ ಮೊನ್ನೆ ಮನೆಗೆ ಬಂದಿದ್ದಳು. ಕಾಫಿ ಲೋಟ ಹಿಡಿಯಲು ಎರಡೂ ಕೈ ಬಳಸುತ್ತಿದ್ದಾಳೆ.

ಇನ್ನೊಂದು. ಮೂರನೆಯ ಸಲ ಕೇಳುತ್ತಿದ್ದೇನೆ, ನಿನಗೆ ಹೇಳಲು ಇಷ್ಟವಿಲ್ಲವೆಂದು ಈಗ ಗೊತ್ತಿದೆ. ಬ್ರೆನ್ನೆಮನ್ ಏನಾದ?

ನಾರಾಯಣಸ್ವಾಮಿ


ಹಾರ್ಬೋರ್ನ್
11 ಮಾರ್ಚ್ 2015

ಡಾಕ್ಟರ್ ಮಾಮಾ,

ತಲೆಬರಹದ ಕೆಳಗಿನದನ್ನು ನಿನ್ನೆ ಓದಿದೆ. ಎರಡನೆಯ ಸಾಲಿನಲ್ಲೇ ಇತ್ತು. ‘ಬಾತ್ಸ್ ಬಾಗಿಲು ತೆರೆದೇ ಇರಬೇಕೆಂದು ಕೋರಿ.’ ಫೋಟೋ ಇರಲಿಲ್ಲ.

ಕ್ಷಮೆ ಕೇಳುವುದಕ್ಕೆ ಇನ್ನೂ ಹಕ್ಕು ಬಂದಿಲ್ಲ, ಸಹಿ ಸಿಕ್ಕಮೇಲೆ ಕೇಳುತ್ತೇನೆ. ಅಕ್ಕನಿಗೆ ಫೋನ್ ಮಾಡಿದೆ. ಟೇಬಲ್ ವಿಷಯ ಹೇಳಿದಾಗ, ‘ಒಂದು ಮೇಜಿನ ಸಲುವಾಗಿ ನನ್ನ ಮೊಣಕಾಲು ಹೋದವು ನೋಡು’ ಎಂದಳು. ನಗುತ್ತಿದ್ದಾಳೋ ಇಲ್ಲವೋ ತಿಳಿಯಲಿಲ್ಲ. ಕೇಳುವ ಧೈರ್ಯ ಆಗಲಿಲ್ಲ.

ಬ್ರೆನ್ನೆಮನ್ 1913ರಲ್ಲಿ ಸೋತ. ಪರಸ್ಪರ ಮುಖ ನೋಡದ ಎರಡು ಪಕ್ಷಗಳು ಒಂದಾಗಿ ಒಬ್ಬನನ್ನೇ ನಿಲ್ಲಿಸಿದವು. ಎರಕದ ಕಾರ್ಖಾನೆ ಅವನನ್ನು ವಾಪಸ್ ತೆಗೆದುಕೊಳ್ಳಲಿಲ್ಲ. ಮರುವರ್ಷ ಐಸ್ ಕಂಪನಿ ಅವನನ್ನು ಅಂಗಳದ ಮೇಸ್ತ್ರಿಯಾಗಿ ಕರೆಯಿತು. ಹೋದ. ಸಾಯುವವರೆಗೂ ಅಲ್ಲೇ ಇದ್ದ. ಇದು ನನಗೆ ಮೊದಲಿನಿಂದ ಗೊತ್ತಿತ್ತು. ಅವನ ಮೇಲೆ ಸಿಟ್ಟಿತ್ತು, ಅದಕ್ಕೇ ಮಂಜು ಹಂಚುವ ದಿನಕ್ಕೆ ಅವನನ್ನು ನಿಲ್ಲಿಸಿ ಮುಂದೆ ಹೋಗಲು ಬಿಡಲಿಲ್ಲ. ಅವನು ಬಂದ ಮೇಲೆ ಕಂಪನಿಯ ಗಾಡಿ ಕೆಲಸಗಾರರ ಕೇರಿಗೂ ಹೋಗತೊಡಗಿತು ಎಂದು ಒಬ್ಬಳು ಮುದುಕಿ ಹೇಳಿದ ಮಾತು ಒಂದು ಕರಪತ್ರದಲ್ಲಿದೆ. ಬರೆದವನು ಅದನ್ನು ನಂಬಿಲ್ಲ. ನಾನೂ ನಂಬಿರಲಿಲ್ಲ. ಈಗಲೂ ಪೂರ್ತಿ ನಂಬಿಕೆ ಇಲ್ಲ, ಆದರೆ ಹೊತ್ತಗೆಯಲ್ಲಿ ಹಾಕುತ್ತೇನೆ.

ನಿಮ್ಮ ಬಗ್ಗೆಯೂ ಒಂದು ಮಾತು ಮುಚ್ಚಿಡದೆ ಹೇಳಬೇಕು. ಟೀ ರೂಮಿನ ಹಿಂದಿನ ಮೇಜಿನಲ್ಲಿ ಆದ ಒಪ್ಪಂದ ನನಗೆ ಇಷ್ಟವಿಲ್ಲ. ನಿಮಗೆ ಮತ ಹಾಕುವವರನ್ನು ಕೇಳದೆ ನೀವು ಅವರ ಸೀಟನ್ನು ಕೊಟ್ಟುಬಿಟ್ಟಿರಿ. ಆ ಹುಡುಗ ಗೆದ್ದು ಬಂದು ಮುಂದಿನ ವರ್ಷ ಇದೇ ಬಾತ್ಸಿಗೆ ಬೀಗ ಹಾಕಿದರೆ? ಹಾಕುವುದಿಲ್ಲವೆಂದು ಹೇಗ್ ಮಾತು ಕೊಟ್ಟಿದ್ದಾರೆಯೇ? ನೀವು ಕೇಳಿಯೇ ಇರುವುದಿಲ್ಲ ಎಂದು ನನಗೆ ಅನುಮಾನ. ಕೇಳಿಲ್ಲದಿದ್ದರೆ ನಾನು ಕೇಳುತ್ತೇನೆ. ಈ ಸಲ ಬಾಗಿಲ ಸಂದಿಯಿಂದ ಕಾಗದ ತಳ್ಳುವುದಿಲ್ಲ, ಎದುರಿಗೆ ನಿಂತು ಕೇಳುತ್ತೇನೆ.

ಮೊದಲು ಆಕೆಗೆ ನಡೆದದ್ದನ್ನು ಹೇಳಬೇಕು. ಹೆಸರು ಹಾಕಿ ಬರೆದವಳು ನಾನು, ಅದನ್ನು ಅಲ್ಲಗಳೆಯಬೇಕಾದವಳೂ ನಾನೇ. ನೀವು ವಿವರಿಸಿದರೆ ಅನುಮಾನ ಹೆಚ್ಚುತ್ತದೆ ಎಂದಿರಿ. ನಾನು ವಿವರಿಸಿದರೆ ಬಹುಶಃ ನಗುತ್ತಾರೆ. ನಗಲಿ. ಅಜ್ಜನ ಒಳಜೇಬಿನಲ್ಲಿರುವುದನ್ನು ವಾಪಸ್ ತರಲು ನನ್ನಿಂದ ಆಗುವುದಿಲ್ಲ, ಆದರೆ ಚೌಕದ ಸುತ್ತಲಿನ ಆ ಮನೆಗಳಿಗೆ ಮತ್ತೆ ಹೋಗಿ ಬಾಗಿಲು ತಟ್ಟಬಲ್ಲೆ. ತಟ್ಟುತ್ತೇನೆ, ಹೇಗ್ ಅಂಗಡಿಯಿಂದ ಹೊರಬಂದ ಮೇಲೆ.

ಆಸ್ಪತ್ರೆಯಲ್ಲಿ ನನ್ನ ಪಾಳಿಯ ರೋಟಾ ಬದಲಾಯಿಸಿಕೊಂಡಿದ್ದೇನೆ. ಅಕ್ಕ ಬರುತ್ತೇನೆಂದು ಹೇಳಿಲ್ಲ, ಬರುವುದಿಲ್ಲ ಎಂದೂ ಹೇಳಿಲ್ಲ. ನೀವು ಖಂಡಿತ ಬರಬೇಕು. ಸರ ಹಾಕಿಕೊಳ್ಳಬೇಡಿ. ಆಕೆಯ ಮುಂದೆ ನೀವು ಬಾಯಿ ತೆರೆಯಬಾರದು, ಸುಮ್ಮನೆ ನನ್ನ ಪಕ್ಕದಲ್ಲಿ ನಿಂತರೆ ಸಾಕು.

ಶನಿವಾರ, ಮಾರ್ಚ್ 14, ಬೆಳಗ್ಗೆ ಹತ್ತು ಗಂಟೆಗೆ, ಹೂವಿನಂಗಡಿಯ ಬಾಗಿಲಲ್ಲಿ.

ಮಾಳವಿಕಾ